ಹಂದಿ ಯಾರ ಹೆಸರಲ್ಲಿತ್ತು?

ಆ ದಿನ ಬೆಳಗ್ಗೆ ಎದುರಿನ ಹೊಲದವರು ತಮ್ಮ ಪಿಕಪ್ ಗಾಡಿಯನ್ನು ಹಂದಿ ಶೆಡ್ಡಿನ ಮುಂದೆ ನಿಲ್ಲಿಸಿ ಒಳಗೇ ಕೂತುಬಿಟ್ಟಿದ್ದರು. ಇಂಜಿನ್ ಆರಿಸಿದ್ದರು. ಕಿಟಕಿ ಇಳಿಸಿದ್ದರು. 2020ರ ಏಪ್ರಿಲ್ ಕೊನೆಯ ವಾರ. ಅಮೆರಿಕದ ಅಯೋವಾ ರಾಜ್ಯದಲ್ಲಿ ಆ ಹೊತ್ತಿಗೆ ಮುಸುಕಿನ ಜೋಳದ ಬಿತ್ತನೆ ಶುರುವಾಗಿರುತ್ತದೆ, ಯಾವ ರೈತನೂ ಬೆಳಗ್ಗೆ ಎಂಟು ಗಂಟೆಗೆ ಹಾಗೆ ಸುಮ್ನೆ ಕೂರುವುದಿಲ್ಲ. ನಾನು ರಸ್ತೆ ದಾಟಿ ಹೋಗಿ, ದೂರದಲ್ಲೇ ನಿಂತು, ಏನಾಯ್ತು ಅಂತ ಕೇಳಿದೆ. ಲಾರಿ ಬರಲಿಲ್ಲ ಅಂದರು. ಹಿಂದಿನ ವಾರವೇ ಬರಬೇಕಿತ್ತಂತೆ. ಈ ವಾರವೂ ಇಲ್ಲವಂತೆ. ಮುಂದಿನ ವಾರದ್ದು ಯಾರಿಗೂ ಗೊತ್ತಿಲ್ಲವಂತೆ.

ಒಳಗೆ 2,400 ಹಂದಿಗಳಿದ್ದವು. ಎಲ್ಲ ಆರು ತಿಂಗಳು ತುಂಬಿದವು, ಎಲ್ಲ ಮಾರಾಟದ ತೂಕಕ್ಕೆ ಬಂದವು.

ನಾನು ಆಗ ಇದ್ದದ್ದು ಗ್ರಂಡಿ ಕೌಂಟಿಯ ಅಂಚಿನ ಒಂದು ಹಳೆಯ ಫಾರ್ಮ್ ಮನೆಯಲ್ಲಿ. ಮನೆ ಮಾತ್ರ ಬಾಡಿಗೆಗೆ, ಸುತ್ತಲಿನ ಹೊಲ ಬೇರೆಯವರದ್ದು. ಕೌಂಟಿ ಅಂದರೆ ನಮ್ಮ ತಾಲೂಕು ಅಂದುಕೊಳ್ಳಿ. ಆದರೆ ಇಡೀ ಕೌಂಟಿಯಲ್ಲಿ 12 ಸಾವಿರದಷ್ಟು ಜನ, ಅಷ್ಟೇ. ಕಪ್ಪು ಮಣ್ಣು, ಕಣ್ಣು ಹಾಯುವವರೆಗೆ ಜೋಳ ಮತ್ತು ಸೋಯಾ, ಅಲ್ಲಲ್ಲಿ ಉದ್ದನೆಯ ಬಿಳಿ ಶೆಡ್ಡುಗಳು. ಅಯೋವಾದಲ್ಲಿ ಇಂಥ 99 ಕೌಂಟಿಗಳಿವೆ. ರಾಜ್ಯದ ಜನ ಸುಮಾರು 32 ಲಕ್ಷ, ಹಂದಿಗಳು ಎರಡು ಕೋಟಿಗೂ ಜಾಸ್ತಿ.

ಲಾರಿ ಬರದಿದ್ದಕ್ಕೆ ಕಾರಣ ಪಕ್ಕದ ಬ್ಲ್ಯಾಕ್ ಹಾಕ್ ಕೌಂಟಿಯ ವಾಟರ್‌ಲೂ ಊರಿನಲ್ಲಿತ್ತು. ಅಲ್ಲಿನ ಟೈಸನ್ ಮಾಂಸದ ಕಾರ್ಖಾನೆ ದಿನಕ್ಕೆ 19,500 ಹಂದಿಗಳನ್ನು ತೆಗೆದುಕೊಳ್ಳುತ್ತಿತ್ತು. ಸುಮಾರು 2,800 ಜನ ಕೆಲಸಗಾರರು, ಹೆಗಲಿಗೆ ಹೆಗಲು ತಾಗುವಂತೆ ನಿಂತು ಕತ್ತರಿಸುವ ಕೆಲಸ. ಬೋಸ್ನಿಯಾದಿಂದ, ಬರ್ಮಾದಿಂದ, ಕಾಂಗೋದಿಂದ ಬಂದು ನೆಲೆಸಿದವರು ಅವರಲ್ಲಿ ತುಂಬಾ ಜನ. ಅವರ ನಡುವೆ ಕೊರೊನಾ ಹಬ್ಬಿತು. ಏಪ್ರಿಲ್ 22ಕ್ಕೆ ಕಾರ್ಖಾನೆ ನಿಂತಿತು. ಸೋಂಕು ತಗುಲಿದ ಕೆಲಸಗಾರರು ಸಾವಿರಕ್ಕೂ ಜಾಸ್ತಿ ಅಂತ ಆಮೇಲೆ ಕೌಂಟಿಯ ಆರೋಗ್ಯ ಇಲಾಖೆ ಹೇಳಿತು. ಪಕ್ಕದ ರಾಜ್ಯದ ಸೂ ಫಾಲ್ಸ್‌ನಲ್ಲಿ ಸ್ಮಿತ್‌ಫೀಲ್ಡ್ ಕಾರ್ಖಾನೆ ಅದಕ್ಕೂ ಮೊದಲೇ ಮುಚ್ಚಿತ್ತು.

ಹಂದಿ ಸಾಕಣೆಯಲ್ಲಿ ಒಂದು ಕಷ್ಟ ಇದೆ, ಅದು ನನಗೆ ಗೊತ್ತಾಗಿದ್ದು ಆ ತಿಂಗಳಲ್ಲೇ. ಜೋಳವನ್ನು ಕಣಜದಲ್ಲಿ ಇಡಬಹುದು. ಹಂದಿಯನ್ನು ಇಡಲಾಗುವುದಿಲ್ಲ. ಅದು ದಿನಾ ತಿನ್ನುತ್ತದೆ, ದಿನಾ ದಪ್ಪಗಾಗುತ್ತದೆ, ಒಂದು ತೂಕ ದಾಟಿದರೆ ಕಾರ್ಖಾನೆಯವರಿಗೆ ಬೇಡವಾಗುತ್ತದೆ, ಅಷ್ಟರಲ್ಲಿ ಹಿಂದಿನಿಂದ ಮರಿಗಳು ಹುಟ್ಟಿ ಜಾಗಕ್ಕೆ ಕಾಯುತ್ತಿರುತ್ತವೆ. ಕೆಲವರು ಮೇವು ಬದಲಿಸಿ ಬೆಳವಣಿಗೆ ನಿಧಾನ ಮಾಡಿದರು. ಶೆಡ್ಡಿನ ಸೆಕೆ ಜಾಸ್ತಿ ಮಾಡಿ ಕಡಿಮೆ ತಿನ್ನುವಂತೆ ನೋಡಿಕೊಂಡರು. ಅದೂ ಆಗದಾಗ ಕೊಂದು ಹೂಳಿದವರೂ ಇದ್ದರು. ಅದರ ಬಗ್ಗೆ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಅದೇ ದಿನಗಳಲ್ಲಿ ಊರಿನಿಂದ ಚಿಕ್ಕಪ್ಪನ ಫೋನ್ ಬರುತ್ತಿತ್ತು. ನಮ್ಮದು ಚಿಕ್ಕಬಳ್ಳಾಪುರದ ಕಡೆಯ ಹಳ್ಳಿ. ಚಿಕ್ಕಪ್ಪ ಎರಡು ಎಕರೆ ಸೇವಂತಿಗೆ ಇಟ್ಟಿದ್ದ. ಆ ವರ್ಷ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ. ದೇಶ ಪೂರ್ತಿ ಬಾಗಿಲು ಹಾಕಿದ ಮೊದಲ ದಿನವೂ ಅದೇ. ಹಬ್ಬಕ್ಕೆ ಅಂತ ಲೆಕ್ಕ ಹಾಕಿ ನೆಟ್ಟ ಹೂವು, ಸರಿಯಾಗಿ ಹಬ್ಬಕ್ಕೇ ಅರಳಿತು. ಗುಡಿ ಮುಚ್ಚಿತ್ತು, ಮದುವೆ ನಿಂತಿತ್ತು, ಮಾರುಕಟ್ಟೆಗೆ ಗಾಡಿ ಇರಲಿಲ್ಲ. ಕಿತ್ತರೆ ಕೂಲಿ ದಂಡ, ಬಿಟ್ಟರೆ ಗಿಡ ಹಾಳು. ಒಂದು ವಾರ ನೋಡಿ ಟ್ರ್ಯಾಕ್ಟರ್ ಹೊಡೆಸಿಬಿಟ್ಟ. ವಿಡಿಯೋ ಕಳಿಸಿದ್ದ. ಹಳದಿ ಹೂವು ರೋಟವೇಟರ್ ಕೆಳಗೆ ಹೋಗಿ ಮಣ್ಣಿನ ಜೊತೆ ಮೇಲೆದ್ದು ಬರುವುದು. ನಾನು ಅದನ್ನು ಪೂರ್ತಿ ನೋಡಲಿಲ್ಲ.

ಒಂದು ಕಡೆ ಹಂದಿ, ಇನ್ನೊಂದು ಕಡೆ ಹೂವು. ಎರಡೂ ಕಡೆ ಸರ್ಕಾರ ದುಡ್ಡು ಕೊಟ್ಟಿತು. ಆ ದುಡ್ಡು ಯಾರ ಕೈಗೆ ಹೋಯಿತು ಅನ್ನುವುದನ್ನು ಎರಡೂ ಕಡೆಯಿಂದ ಹತ್ತಿರದಿಂದ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಕೃಷಿ ಇಲಾಖೆ ಏಪ್ರಿಲ್ 17ರಂದು 1,900 ಕೋಟಿ ಡಾಲರ್‌ನ ಯೋಜನೆ ಘೋಷಿಸಿತು. ಅದರಲ್ಲಿ 1,600 ಕೋಟಿ ನೇರ ರೈತರಿಗೆ, ಉಳಿದ 300 ಕೋಟಿಯಲ್ಲಿ ಹಾಲು, ಮಾಂಸ, ತರಕಾರಿ ಕೊಂಡು ಬಡವರಿಗೆ ಹಂಚುವುದು. ಮೇ 26ಕ್ಕೆ ಅರ್ಜಿ ಶುರು. ಇಲ್ಲಿ ಹೆಚ್ಚುಕಮ್ಮಿ ಪ್ರತಿ ಕೌಂಟಿಯಲ್ಲೂ ಫಾರ್ಮ್ ಸರ್ವೀಸ್ ಏಜೆನ್ಸಿ ಅಂತ ಒಂದು ಕಚೇರಿ ಇರುತ್ತದೆ. ಅದರ ಮೇಲೆ ರೈತರೇ ಮತ ಹಾಕಿ ಆರಿಸಿದ ಸಮಿತಿ. ಯಾವ ಹೊಲದಲ್ಲಿ ಏನು ಬಿತ್ತಿದ್ದೀರಿ, ಎಷ್ಟು ಎಕರೆ ಅಂತ ಜುಲೈ 15ರೊಳಗೆ ರೈತರು ಅಲ್ಲಿ ಬರೆಸಬೇಕು. ಪ್ರತಿ ಹೊಲಕ್ಕೂ ನಂಬರು, ನಕ್ಷೆ. ಹಾಗಾಗಿ ಕಚೇರಿಯ ಬಾಗಿಲು ಮುಚ್ಚಿದ್ದರೂ ಕೆಲಸ ನಿಲ್ಲಲಿಲ್ಲ. ಫೋನಿನಲ್ಲಿ ಮಾತಾಡಿ, ಮೇಲ್‌ನಲ್ಲಿ ಸಹಿ ಹಾಕಿ ಕಳಿಸಿದರೆ ಆಯಿತು. ಲೆಕ್ಕವನ್ನು ರೈತ ಹೇಳಿದ ಹಾಗೇ ಬರೆದುಕೊಂಡರು, ಆಮೇಲೆ ಕೇಳಿದರೆ ದಾಖಲೆ ತೋರಿಸಬೇಕು ಅಷ್ಟೇ. ಮೊದಲು 80 ಭಾಗ ಖಾತೆಗೆ, ಉಳಿದ 20 ಭಾಗ ಬೇಸಿಗೆ ಮುಗಿಯುವ ಹೊತ್ತಿಗೆ.

ಇಷ್ಟು ಬೇಗ ದುಡ್ಡು ಹೋಗಿದ್ದನ್ನು ನಾನು ಮೆಚ್ಚುತ್ತೇನೆ. ಹೊಲದ ಲೆಕ್ಕ ಮೊದಲೇ ಸರಿಯಾಗಿ ಇಟ್ಟುಕೊಂಡಿದ್ದರಿಂದ ಅದು ಸಾಧ್ಯವಾಯಿತು.

ಹಂದಿಗೆ ಲೆಕ್ಕ ಹೀಗಿತ್ತು. ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ ನಿಮ್ಮ ಹತ್ತಿರ ಅತಿ ಹೆಚ್ಚು ಎಷ್ಟು ಹಂದಿ ಇತ್ತೋ ಅಷ್ಟಕ್ಕೆ, ತಲೆಗೆ 17 ಡಾಲರ್. ಅದಕ್ಕೂ ಮೊದಲು ಮಾರಿದ್ದಕ್ಕೆ ದೊಡ್ಡ ಹಂದಿಗೆ 18, ಮರಿಗೆ 28. ನಾನು ಮನಸ್ಸಲ್ಲೇ ಗುಣಿಸಿದೆ. 2,400 ಹಂದಿ, ತಲೆಗೆ 17. ನಲವತ್ತು ಸಾವಿರ ಡಾಲರ್ ದಾಟುತ್ತದೆ. ಎದುರಿನವರಿಗೆ ಉಸಿರು ಬಂತು ಅಂದುಕೊಂಡು ಜೂನ್‌ನಲ್ಲಿ ಒಂದು ಸಂಜೆ ಬೇಲಿ ಹತ್ತಿರ ಸಿಕ್ಕಾಗ ಕೇಳಿಯೇಬಿಟ್ಟೆ.

ಅವರು ತಲೆ ಅಲ್ಲಾಡಿಸಿದರು. ಹಂದಿ ನಂದಲ್ಲ ಅಂದರು.

ನನಗೆ ಅರ್ಥವೇ ಆಗಲಿಲ್ಲ. ಶೆಡ್ಡು ಅವರದ್ದು. ಶೆಡ್ಡಿನ ಮೇಲಿನ ಬ್ಯಾಂಕ್ ಸಾಲ ಅವರದ್ದು. ಬೆಳಗ್ಗೆ ಸಂಜೆ ಒಳಗೆ ಹೋಗಿ ನೋಡುವವರು, ಸತ್ತದ್ದನ್ನು ಎಳೆದು ಹಾಕುವವರು, ಚಳಿಗಾಲದಲ್ಲಿ ನೀರಿನ ಪೈಪು ಹೆಪ್ಪುಗಟ್ಟಿದಾಗ ಮಧ್ಯರಾತ್ರಿ ಎದ್ದು ಹೋಗುವವರು ಅವರೇ. ಆದರೆ ಹಂದಿ ಮಾತ್ರ ಒಂದು ಕಂಪನಿಯದ್ದು. ಮರಿ ಅವರು ತಂದು ಬಿಡುತ್ತಾರೆ, ಮೇವು ಅವರದ್ದು, ಡಾಕ್ಟರು ಅವರ ಕಡೆಯವರು. ರೈತನಿಗೆ ಇಷ್ಟು ಹಂದಿ ನಿಲ್ಲುವ ಜಾಗಕ್ಕೆ ವರ್ಷಕ್ಕೆ ಇಷ್ಟು ಅಂತ ಕೊಡುತ್ತಾರೆ. ಗೊಬ್ಬರ ಅವನ ಜೋಳದ ಹೊಲಕ್ಕೆ. ಅಯೋವಾದ ಬಿಳಿ ಶೆಡ್ಡುಗಳಲ್ಲಿ ಎಷ್ಟೋ ಹೀಗೆ ಗುತ್ತಿಗೆಯವು. ಕೋಳಿ ಸಾಕಣೆಯಲ್ಲಿ ನಮ್ಮ ಊರಿನ ಕಡೆಯೂ ಇದೇ ಪದ್ಧತಿ ಬಂದಿದೆ ಅಲ್ವಾ, ಹಾಗೆ.

ಪರಿಹಾರದ ನಿಯಮದಲ್ಲಿ ಬರೆದದ್ದು ಹಂದಿಯ ಮಾಲೀಕನಿಗೆ ಅಂತ. ಬೆಲೆ ಕುಸಿದರೆ ನಷ್ಟ ಮಾಲೀಕನಿಗೆ, ಆದ್ದರಿಂದ ಪರಿಹಾರವೂ ಅವನಿಗೆ ಅನ್ನುವುದು ತರ್ಕ. ಆದರೆ ಆ ಬ್ಯಾಚು ಕೊನೆಗೂ ಖಾಲಿಯಾದ ಮೇಲೆ ಎದುರಿನವರ ಒಂದು ಶೆಡ್ಡಿಗೆ ಹೊಸ ಮರಿಗಳು ಬರಲೇ ಇಲ್ಲ. ಜೂನ್ ಹೋಯಿತು, ಜುಲೈ ಹೋಯಿತು. ಫ್ಯಾನುಗಳು ನಿಂತವು. ರಾತ್ರಿ ಮಲಗಿದಾಗ ಯಾವಾಗಲೂ ಕೇಳಿಸುತ್ತಿದ್ದ ಆ ಗುಂಯ್ ಸದ್ದು ಇಲ್ಲದೆ ನನಗೇ ನಿದ್ದೆ ಬರುತ್ತಿರಲಿಲ್ಲ. ಅವರಿಗೆ ಸಾಲದ ಕಂತು ಇತ್ತು. ಆ ನಷ್ಟಕ್ಕೆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ.

ಜೋಳದಲ್ಲೂ ಇಂಥದ್ದೇ ಒಂದು ಕಥೆ. ಅಯೋವಾದ ಜೋಳದಲ್ಲಿ ಅರ್ಧಕ್ಕಿಂತ ಜಾಸ್ತಿ, ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡಲು ಹೋಗುತ್ತದೆ. ಜನ ಕಾರು ಓಡಿಸುವುದು ಬಿಟ್ಟರು, ಎಥನಾಲ್ ಕಾರ್ಖಾನೆಗಳು ನಿಂತವು, ಜೋಳದ ಬೆಲೆ ಬಿತ್ತು. ಸರ್ಕಾರ ಬುಶೆಲ್‌ಗೆ 33 ಸೆಂಟ್‌ನಷ್ಟು ಕೊಡುತ್ತೇನೆ ಅಂದಿತು. ಬುಶೆಲ್ ಅಂದರೆ 25 ಕಿಲೋ ಚಿಲ್ಲರೆ. ಆದರೆ ಎಲ್ಲ ಜೋಳಕ್ಕೂ ಅಲ್ಲ. 2020ರ ಜನವರಿ 15ಕ್ಕೆ ಮಾರದೆ, ಬೆಲೆಯನ್ನೂ ಗೊತ್ತು ಮಾಡಿಕೊಳ್ಳದೆ ಇಟ್ಟುಕೊಂಡ ಜೋಳಕ್ಕೆ ಮಾತ್ರ, ಅದೂ 2019ರ ಬೆಳೆಯ ಅರ್ಧ ಮೀರದಂತೆ. ದೊಡ್ಡ ತಗಡಿನ ಕಣಜ ಇದ್ದವರು ಬೆಲೆ ಏರಲಿ ಅಂತ ಇಟ್ಟುಕೊಂಡಿರುತ್ತಾರೆ. ಕಣಜ ಇಲ್ಲದವರು, ಕೈಗಡ ತೀರಿಸಬೇಕಾದವರು ಕೊಯ್ಲಿನಲ್ಲೇ ಮಾರಿಬಿಡುತ್ತಾರೆ. ಎದುರಿನವರು ಹಾಗೇ ಮಾರಿದ್ದರು. ಜನವರಿಯಲ್ಲಿ ಅವರ ಬಳಿ ಉಳಿದಿದ್ದು ಸ್ವಲ್ಪವೇ. ಬಂದ ದುಡ್ಡೂ ಸ್ವಲ್ಪವೇ.

ಅದೇ ದಾರಿಯಲ್ಲಿ ಎರಡು ಮೈಲಿ ಮುಂದೆ ಇದ್ದ ಒಂದು ಕುಟುಂಬಕ್ಕೆ ಹಂದಿಯೂ ಸ್ವಂತದ್ದು, ಕಣಜವೂ ಸಾಲು ಸಾಲು. ಅವರಿಗೆ ಚೆನ್ನಾಗಿಯೇ ಬಂತು. ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್ ಮಿತಿ. ಕಂಪನಿ ಮಾಡಿಕೊಂಡು ಮೂರು ಪಾಲುದಾರರು ದುಡಿಯುತ್ತಿದ್ದೇವೆ ಅಂತ ತೋರಿಸಿದರೆ ಏಳೂವರೆ ಲಕ್ಷದವರೆಗೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರಿಗೂ ನಷ್ಟ ಆಗಿತ್ತು, ನಿಜವಾಗಿಯೂ ಆಗಿತ್ತು. ಆದರೆ ಬೆಳೆ ಎಷ್ಟೋ ಅಷ್ಟು ದುಡ್ಡು ಅಂದಾಗ ದೊಡ್ಡವರಿಗೆ ದೊಡ್ಡದು ಹೋಗುತ್ತದೆ, ಅದನ್ನು ತಡೆಯುವುದು ಹೇಗೆ ಅಂತ ಯಾರೂ ಕೂತು ಯೋಚಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಎರಡನೇ ಕಂತಿನ ಯೋಜನೆ ಬಂತು, ಇನ್ನೂ 1,400 ಕೋಟಿ ಡಾಲರ್‌ವರೆಗೆ. ಆ ವರ್ಷ ಎಲ್ಲ ಬಗೆಯ ನೆರವು ಸೇರಿ ಅಮೆರಿಕದ ರೈತರ ಖಾತೆಗೆ ಸರ್ಕಾರದಿಂದ ಹೋದದ್ದು 4,500 ಕೋಟಿ ಡಾಲರ್‌ಗಿಂತ ಜಾಸ್ತಿ. ಅದಕ್ಕೂ ಮೊದಲು ಯಾವ ವರ್ಷವೂ ಅಷ್ಟು ಹೋಗಿರಲಿಲ್ಲ.

ಈಗ ನಮ್ಮ ಊರಿಗೆ ಬರುತ್ತೇನೆ. 2020ರ ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಕ್ಷೌರಿಕರು, ಮಡಿವಾಳರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000, ಒಂದು ಹೆಕ್ಟೇರ್ ಮೀರುವಂತಿಲ್ಲ. ರಾಜ್ಯದಲ್ಲಿ 11,687 ಹೆಕ್ಟೇರ್ ಹೂವಿಗೆ ಅಂತ ಲೆಕ್ಕ. ಮುಂದಿನ ವಾರ ಹಣ್ಣು ತರಕಾರಿಯವರಿಗೆ ಹೆಕ್ಟೇರಿಗೆ 15,000, ಆಮೇಲೆ ಮುಸುಕಿನ ಜೋಳದವರಿಗೆ ತಲಾ 5,000.

ಈ ಒಂದು ಹೆಕ್ಟೇರಿನ ಮಿತಿ ನನಗೆ ಇಷ್ಟವಾಯಿತು. ದುಡ್ಡು ಕಡಿಮೆ ಇರಬಹುದು, ಎಕರೆಗೆ ಹತ್ತು ಸಾವಿರ ಅಂದರೆ ಸೇವಂತಿಗೆ ಸಸಿ ಮತ್ತು ಗೊಬ್ಬರದ ಖರ್ಚೂ ಹುಟ್ಟುವುದಿಲ್ಲ ಅಂತ ಚಿಕ್ಕಪ್ಪನೇ ಹೇಳಿದ್ದ. ಆದರೂ ಸಣ್ಣವನು ದೊಡ್ಡವನು ಅನ್ನದೆ ಒಂದು ಮಟ್ಟಕ್ಕೆ ನಿಲ್ಲಿಸಿದರಲ್ಲ. ಚಿಕ್ಕಪ್ಪನ ಎರಡು ಎಕರೆ ಆ ಮಿತಿಯೊಳಗೇ ಇತ್ತು. ಇಪ್ಪತ್ತು ಸಾವಿರ ಬರುತ್ತದೆ ಅಂತ ನಾನು ಫೋನಿನಲ್ಲಿ ಖುಷಿಯಿಂದ ಹೇಳಿದೆ.

"ಪಾಣಿ ನನ್ನ ಹೆಸರಲ್ಲಿ ಇಲ್ವಲ್ಲಪ್ಪಾ" ಅಂದ.

ಪಹಣಿಗೆ ನಮ್ಮ ಕಡೆ ಪಾಣಿ ಅನ್ನುತ್ತಾರೆ. ಆ ಎರಡು ಎಕರೆ ಬೆಂಗಳೂರಿನಲ್ಲಿರುವ ಒಬ್ಬರದ್ದು. ಚಿಕ್ಕಪ್ಪ ಆರು ವರ್ಷದಿಂದ ಗುತ್ತಿಗೆಗೆ ಮಾಡುತ್ತಿದ್ದ. ಬಾಯಿ ಮಾತಿನ ಗುತ್ತಿಗೆ, ಪ್ರತಿ ವರ್ಷ ಯುಗಾದಿಗೆ ದುಡ್ಡು. ಬೆಳೆ ಸಮೀಕ್ಷೆಯಲ್ಲಿ ಸೇವಂತಿಗೆ ಅಂತ ಬರೆದಿದೆ, ಅದರ ಮುಂದೆ ಇರುವ ಹೆಸರು ಪಹಣಿಯ ಹೆಸರು, ಆ ಹೆಸರಿನ ಆಧಾರ್‌ಗೆ ಸೇರಿದ ಖಾತೆಗೆ ದುಡ್ಡು. ಚಿಕ್ಕಪ್ಪನ ಸ್ವಂತ ಇಪ್ಪತ್ತು ಗುಂಟೆಯಲ್ಲಿ ರಾಗಿ ಇತ್ತು. ಅದಕ್ಕೆ ಪಿಎಂ ಕಿಸಾನ್ ಎರಡು ಸಾವಿರ ಏಪ್ರಿಲ್‌ನಲ್ಲಿ ಬಂದಿತ್ತು. ಹೂವಿನದ್ದು ಬರಲಿಲ್ಲ.

ಬೆಂಗಳೂರಿನವರು ಕೆಟ್ಟವರಲ್ಲ. ಮೂರು ತಿಂಗಳಾದ ಮೇಲೆ ತಾವಾಗಿಯೇ ಫೋನ್ ಮಾಡಿ, ಬಂದದ್ದರಲ್ಲಿ ಅರ್ಧ ಮುಂದಿನ ವರ್ಷದ ಗುತ್ತಿಗೆಯಲ್ಲಿ ಮುರಿದುಕೊಳ್ಳುತ್ತೇನೆ ಅಂದರಂತೆ. ಚಿಕ್ಕಪ್ಪ ಅದನ್ನು ದೊಡ್ಡ ಉಪಕಾರ ಅಂದುಕೊಂಡ. ನನಗೆ ಅದೇ ಹೆಚ್ಚು ನೋವಾದದ್ದು. ಬಿತ್ತಿದವನು ಅವನು, ಕಳೆದುಕೊಂಡವನು ಅವನು, ಅವನ ದುಡ್ಡು ಅವನಿಗೆ ಇನ್ನೊಬ್ಬರ ಉಪಕಾರವಾಗಿ ಬಂತು.

ಚಿಕ್ಕಪ್ಪ ಯಾಕೆ ಗುತ್ತಿಗೆ ಪತ್ರ ಮಾಡಿಸಲಿಲ್ಲ ಅಂತ ಕೇಳಬಹುದು. ಮಾಡಿಸುವ ಹಾಗಿಲ್ಲ. ಕರ್ನಾಟಕದಲ್ಲಿ ಹೊಲ ಗುತ್ತಿಗೆಗೆ ಕೊಡುವುದೇ ಕಾನೂನಿನ ಪ್ರಕಾರ ತಪ್ಪು, ಸೈನಿಕರಂಥ ಕೆಲವರನ್ನು ಬಿಟ್ಟರೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿ ಪದ್ಧತಿ ಅಲ್ಲಿಗೆ ಮುಗಿಯಿತು, ಮುಂದೆ ಯಾರೂ ಯಾರಿಗೂ ಗೇಣಿಗೆ ಕೊಡಬಾರದು.

ಆ ಕಾಯ್ದೆಯ ಬಗ್ಗೆ ನಾನು ಹಗುರವಾಗಿ ಮಾತಾಡಲಾರೆ. ನಮ್ಮ ತಾತ ಗೇಣಿದಾರ. ಫಾರಂ ನಂಬರ್ 7 ತುಂಬಿಸಿ, ಭೂ ನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ಕೈಕಟ್ಟಿ ನಿಂತು, ಎರಡು ಎಕರೆಗೆ ಒಡೆಯರಾದವರು. ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೋ ಹಿಂದೆ ಇಟ್ಟಿದ್ದರು. ನಮ್ಮ ಮನೆಯವರು ಓದಿದ್ದು, ನಾನು ಇಷ್ಟು ದೂರ ಬಂದದ್ದು, ಎಲ್ಲ ಆ ಹಾಳೆಯಿಂದ. ಆ ಎರಡು ಎಕರೆ ನಾಲ್ಕು ಮಕ್ಕಳಿಗೆ ಇಪ್ಪತ್ತು ಗುಂಟೆಯಂತೆ ಹಂಚಿಹೋಯಿತು. ಇಪ್ಪತ್ತು ಗುಂಟೆಯಲ್ಲಿ ಸಂಸಾರ ನಡೆಯದೆ ಚಿಕ್ಕಪ್ಪ ಮತ್ತೆ ಇನ್ನೊಬ್ಬರ ಹೊಲಕ್ಕೆ ಇಳಿದ. ತಾತ ಗೇಣಿದಾರ ಅಂತ ಬರೆಸಿಕೊಂಡು ಗೆದ್ದರು. ಅವರ ಮಗನಿಗೆ ಹಾಗೆ ಬರೆಸಿಕೊಳ್ಳಲೂ ಆಗುವುದಿಲ್ಲ, ಯಾಕೆಂದರೆ ಕಾಗದದ ಮೇಲೆ ಗೇಣಿದಾರರೇ ಇಲ್ಲ. ಬರೆದುಕೊಟ್ಟರೆ ಎಲ್ಲಿ ಹೊಲ ಹೋಗಿಬಿಡುತ್ತದೋ ಅಂತ ಮಾಲೀಕರಿಗೂ ಐವತ್ತು ವರ್ಷದ ಹಿಂದಿನ ಹೆದರಿಕೆ. ಅದೇ 2020ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅಂದರು. ಗುತ್ತಿಗೆ ಮಾಡುವವನ ಬಗ್ಗೆ ಯೋಚಿಸಲಿಲ್ಲ.

ಅಯೋವಾದಲ್ಲಿ ಇದು ಪೂರ್ತಿ ಬೇರೆ. ಅಲ್ಲಿನ ಹೊಲದಲ್ಲಿ ಅರ್ಧಕ್ಕಿಂತ ಜಾಸ್ತಿ ಗುತ್ತಿಗೆಯಲ್ಲೇ ನಡೆಯುತ್ತದೆ. ಗುತ್ತಿಗೆ ವರ್ಷ ಶುರುವಾಗುವುದು ಮಾರ್ಚ್ 1ಕ್ಕೆ. ಹೊಲ ಬಿಡಿಸಬೇಕು ಅಂದರೆ ಮಾಲೀಕ ಅದಕ್ಕೂ ಮೊದಲು ಸೆಪ್ಟೆಂಬರ್ 1ರೊಳಗೆ ನೋಟಿಸ್ ಕೊಡಬೇಕು, ಇಲ್ಲದಿದ್ದರೆ ಗುತ್ತಿಗೆ ತಾನಾಗಿ ಮುಂದುವರಿಯುತ್ತದೆ. ಪರಿಹಾರದ ನಿಯಮ ಅಲ್ಲಿ ಒಂದೇ ಪ್ರಶ್ನೆ ಕೇಳುತ್ತದೆ, ಬೆಳೆ ಹೋದರೆ ನಷ್ಟ ಯಾರಿಗೆ ಅಂತ. ದುಡ್ಡು ಎಣಿಸಿ ಗುತ್ತಿಗೆಗೆ ಕೊಟ್ಟ ಮಾಲೀಕನಿಗೆ ಒಂದು ಡಾಲರೂ ಇಲ್ಲ, ಎಲ್ಲವೂ ಬೆಳೆದವನಿಗೆ. ಪಾಲಿಗೆ ಕೊಟ್ಟಿದ್ದರೆ ಪಾಲಿನ ಪ್ರಕಾರ ಇಬ್ಬರಿಗೂ. ಎದುರಿನವರು ಮಾಡುತ್ತಿದ್ದ ಜೋಳದ ಹೊಲದಲ್ಲೂ ಮುಕ್ಕಾಲು ಭಾಗ ಗುತ್ತಿಗೆಯದ್ದೇ. ಜೋಳದ ದುಡ್ಡು ಬಂದದ್ದು ಅವರಿಗೇ, ಹೊಲದ ಒಡತಿಗಲ್ಲ. ಜೋಳಕ್ಕೆ ಕೇಳಿದ ಆ ಪ್ರಶ್ನೆಯನ್ನು ಹಂದಿ ಶೆಡ್ಡಿನ ಬಾಗಿಲಲ್ಲಿ ನಿಂತು ಇನ್ನೂ ಸ್ವಲ್ಪ ಬಿಡಿಸಿ ಕೇಳಿದ್ದರೆ, ಖಾಲಿ ಶೆಡ್ಡಿನ ನಷ್ಟವೂ ಕಾಣುತ್ತಿತ್ತು.

ಆಮೇಲೆ ಕೇಳಿದರು ಅನ್ನಿ. 2020ರ ಡಿಸೆಂಬರ್‌ನ ಕಾನೂನಿನಲ್ಲಿ ಗುತ್ತಿಗೆಗೆ ಹಂದಿ, ಕೋಳಿ ಸಾಕುವವರನ್ನೂ ಸೇರಿಸಿದರು. ಹಿಂದಿನ ವರ್ಷಕ್ಕೆ ಹೋಲಿಸಿ 2020ರಲ್ಲಿ ಆದಾಯ ಎಷ್ಟು ಕಡಿಮೆಯಾಯಿತೋ ಅದರಲ್ಲಿ 80 ಭಾಗದವರೆಗೆ. ಅರ್ಜಿಗೆ ಕೊನೆಯ ದಿನ 2021ರ ಅಕ್ಟೋಬರ್ 12. ಶೆಡ್ಡು ಖಾಲಿಯಾಗಿ ಒಂದು ವರ್ಷದ ಮೇಲಾಗಿತ್ತು. ಅಷ್ಟರಲ್ಲಿ ಎದುರಿನವರು ಒಂದು ಟ್ರ್ಯಾಕ್ಟರ್ ಮಾರಿದ್ದರು.

ಮಾಂಸದ ಕಾರ್ಖಾನೆಯ ಕೆಲಸಗಾರರನ್ನು ಬಿಟ್ಟರೆ ಈ ಮಾತು ಅರ್ಧವೇ. ಅವರು ಕೆಲಸಕ್ಕೆ ಬಾರದೆ ಹಂದಿ ನಿಂತಿತು, ಅವರು ಮತ್ತೆ ಬಂದು ನಿಂತಾಗ ಲಾರಿ ಹೊರಟಿತು. ಮಾಂಸದ ಕಾರ್ಖಾನೆಗಳು ನಡೆಯಲೇಬೇಕು ಅಂತ ಏಪ್ರಿಲ್ 28ಕ್ಕೆ ಅಧ್ಯಕ್ಷರ ಆದೇಶ ಬಂತು, ವಾಟರ್‌ಲೂ ಕಾರ್ಖಾನೆ ಮೇ 7ಕ್ಕೆ ಮತ್ತೆ ತೆರೆಯಿತು. ಅವರಿಗೆ ಮತ್ತು ಹೊಲದ ಕೂಲಿಯವರಿಗೆ ಅಂತ ಕೃಷಿ ಇಲಾಖೆ ಒಂದು ಯೋಜನೆ ಘೋಷಿಸಿದ್ದು 2021ರ ಸೆಪ್ಟೆಂಬರ್‌ನಲ್ಲಿ. ತಲೆಗೆ 600 ಡಾಲರ್, ಒಂದೇ ಸಲ. ಅದು ಕೈಗೆ ಸಿಗಲು ಇನ್ನೂ ಕಾಲ ಹಿಡಿಯಿತು. ನಮ್ಮ ಕಡೆ ಚಿಕ್ಕಪ್ಪನ ತೋಟದಲ್ಲಿ ಹೂವು ಬಿಡಿಸಲು ಬರುತ್ತಿದ್ದ ಏಳು ಹೆಂಗಸರಿಗೆ ಹೂವಿನ ಲೆಕ್ಕದಲ್ಲಿ ಏನೂ ಬರಲಿಲ್ಲ.

2021ರ ಮೇ ತಿಂಗಳಲ್ಲಿ ಎರಡನೇ ಅಲೆ ಬಂದಾಗ ರಾಜ್ಯ ಸರ್ಕಾರ ಮತ್ತೆ ಹೂವಿಗೆ ಪರಿಹಾರ ಕೊಟ್ಟಿತು, ಈ ಸಲ ಹೆಕ್ಟೇರಿಗೆ 10,000. ಆ ಸುದ್ದಿ ಬಂದ ರಾತ್ರಿ ಚಿಕ್ಕಪ್ಪ ಫೋನ್ ಮಾಡಿದ. ಅಲ್ಲಿ ಗುತ್ತಿಗೆ ಪತ್ರ ಹೇಗಿರುತ್ತದೆ, ಒಂದು ಫೋಟೋ ಕಳಿಸು ಅಂದ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ರೈತರಿಗೆ ಅಂತ ಖಾಲಿ ಗುತ್ತಿಗೆ ಪತ್ರದ ನಮೂನೆ ಕೊಡುತ್ತಾರೆ. ಅದನ್ನೇ ಕಳಿಸಿದೆ. ಅವನಿಗೆ ಇಂಗ್ಲಿಷ್ ಬರುವುದಿಲ್ಲ, ಹಾಳೆ ಹಾಳೆ ದೊಡ್ಡದು ಮಾಡಿಕೊಂಡು ನೋಡಿದ್ದಾನೆ. ಮತ್ತೆ ಫೋನ್ ಮಾಡಿದ.

"ಇದರಲ್ಲಿ ತಾಸೀಲ್ದಾರ್ ಸೀಲ್ ಎಲ್ಲಿ ಬೀಳುತ್ತೆ?"

ಸೀಲ್ ಇಲ್ಲ ಚಿಕ್ಕಪ್ಪ, ಕೊನೇ ಹಾಳೆಯಲ್ಲಿ ಎರಡು ಗೆರೆ ಇದೆಯಲ್ಲ, ಹೊಲದವರು ಒಂದು ಸಹಿ ಹಾಕ್ತಾರೆ, ಮಾಡೋರು ಒಂದು ಹಾಕ್ತಾರೆ, ಅಷ್ಟೇ ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ, ಮಾಡೋರ ಗೆರೆ ಯಾವುದು, ಮೇಲಿನದಾ ಕೆಳಗಿನದಾ ಅಂತ ಕೇಳಿದ.